ದೊಡ್ಡಪ್ಪನ ದನಿಯ ವಾದ್ಯ

ಅವರೆಕಾಯಿಯ ಕಾಲ. ಅಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತು ನೆನೆಸಿಟ್ಟ ಅವರೆಕಾಳು ಹಿದುಕುತ್ತಿದ್ದಳು. ಹೆಬ್ಬೆರಳು, ತೋರುಬೆರಳಿನ ನಡುವೆ ಸಿಕ್ಕಿದ ಕಾಳು ಪುಳಕ್ಕನೆ ಸಿಪ್ಪೆ ಬಿಟ್ಟು ಬೋಗುಣಿಗೆ ಹಾರುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ನಾನು ದೊಡ್ಡಪ್ಪನ ಪೆಟ್ಟಿಗೆಯಿಂದ ಒಂದು ರೆಕಾರ್ಡು ತೆಗೆದು, ಹಳೆಯ ಮಲ್ಲು ಬಟ್ಟೆಯಿಂದ ಧೂಳು ಒರೆಸಿ, ಮುಳ್ಳು ಇಳಿಸಿದೆ. ಒಂದೆರಡು ಚಿಟಪಟ. ಆಮೇಲೆ ಊದುವ ವಾದ್ಯಗಳು ಮೂರು ಸಲ ಮೆಲ್ಲಗೆ ಉಸಿರು ಬಿಟ್ಟಂತೆ ಮೂರು ಸ್ವರಮೇಳ, ಅದರ ಜೊತೆಗೆ ತಂತಿಗಳನ್ನು ಬೆರಳಿನಿಂದ ಮೀಟಿದ ಸದ್ದು. ಪೀಠಿಕೆ ಅಷ್ಟೇ. ಅದು ಮುಗಿಯುವುದರೊಳಗೆ ಚೆಲ್ಲೊ ಬಂದೇಬಿಟ್ಟಿತು.

ಅಮ್ಮ ಕೈ ನಿಲ್ಲಿಸದೆಯೇ ಕೇಳಿದಳು: “ಯಾರೋ ಇದು, ನಿಮ್ಮ ದೊಡ್ಡಪ್ಪ ಮಾತಾಡಿದ ಹಾಗಿದೆಯಲ್ಲ?”

ಆ ಮಾತು ನನ್ನ ತಲೆಯಲ್ಲಿ ಇನ್ನೂ ಕೂತಿದೆ. ನಮ್ಮ ಮೈಸೂರಿನ ಮನೆಯಲ್ಲಿ ಒಂದು ಕಾಲಕ್ಕೆ ಹನ್ನೆರಡು ಜನ. ಎಲ್ಲರದೂ ಏರುದನಿ, ಎಲ್ಲರಿಗೂ ಹೇಳಲಿಕ್ಕೆ ಏನಾದರೂ ಇದ್ದೇ ಇರುತ್ತಿತ್ತು. ದೊಡ್ಡಪ್ಪನೊಬ್ಬರದು ಮಂದ್ರ. ಅವರು ಊಟದ ಮನೆಯಲ್ಲಿ ಮಾತು ತೆಗೆದರೆ ದೊಡ್ಡಮ್ಮ ಹುಳಿಯ ಸೌಟನ್ನು ಪಾತ್ರೆಗೆ ತಾಗಿಸದೆ ಹಿಡಿದುಕೊಳ್ಳುತ್ತಿದ್ದಳು, ಚಿಕ್ಕಪ್ಪ ರೇಡಿಯೊ ತಗ್ಗಿಸುತ್ತಿದ್ದರು, ಮಕ್ಕಳಾದ ನಾವು ಎಲೆಯ ಮೇಲೆ ಬಗ್ಗಿ ಕೇಳುತ್ತಿದ್ದೆವು. ಅವರೇನೂ ಗದರಿಕೊಂಡವರಲ್ಲ. ಆ ದನಿ ಕೇಳಬೇಕೆಂದು ನಮಗೇ ಅನ್ನಿಸುತ್ತಿತ್ತು.

ಚೆಲ್ಲೊ ಎಂಬ ವಾದ್ಯದ ಕಷ್ಟವೂ ಸುಖವೂ ಇದೇ. ಪಿಟೀಲಿನ ವಂಶದಲ್ಲಿ ಅದು ದೊಡ್ಡಪ್ಪನ ಸ್ಥಾನದ್ದು. ನಾಲ್ಕು ತಂತಿ, ಒಂದಕ್ಕೊಂದು ಪಂಚಮದ ದೂರ. ನಮ್ಮ ವಿದ್ವಾಂಸರು ಪಿಟೀಲನ್ನು ಸ-ಪ-ಸ-ಪ ಎಂದು ಕೂಡಿಸಿಕೊಳ್ಳುತ್ತಾರಲ್ಲ, ಹಾಗಲ್ಲ; ಅಲ್ಲಿ ಪಂಚಮದ ಮೇಲೆ ಪಂಚಮ, ಅದರ ಮೇಲೆ ಇನ್ನೊಂದು ಪಂಚಮ. ತೀರಾ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ, ಮೇಲಿನದು 220 ಸಲ. ಅಂದರೆ ಗಂಡಸಿನ ದನಿ, ಹೆಂಗಸಿನ ದನಿ ಎರಡೂ ಈ ಒಂದೇ ಮರದ ಹೊಟ್ಟೆಯೊಳಗಿವೆ. ಕೇಳುವವರಿಗೆ ಯಾರೋ ಹತ್ತಿರದಲ್ಲೇ ಕೂತು ಮಾತಾಡಿದಂತೆ ಅನ್ನಿಸುವುದು ಅದಕ್ಕೇ. ಆದರೆ ಅರವತ್ತು ಎಪ್ಪತ್ತು ಜನರ ಆರ್ಕೆಸ್ಟ್ರಾದ ಮುಂದೆ ಇದನ್ನು ಒಂಟಿಯಾಗಿ ಕೂರಿಸಿದರೆ? ಪಿಟೀಲು ಎಲ್ಲರ ತಲೆಯ ಮೇಲೆ ಹಾರಿ ಹೋಗಿ ಹಾಡಬಲ್ಲದು. ಪಿಯಾನೊಗೆ ಸ್ವಂತ ಬಲವಿದೆ. ಚೆಲ್ಲೊದ ದನಿ ಮಾತ್ರ ಜನ ಗುಂಪುಕೂಡಿದ ಜಾಗದಲ್ಲೇ ಇದೆ. ಕೊಂಬು, ಬಸೂನ್, ವಯೋಲ ಎಲ್ಲವೂ ಅಲ್ಲೇ ಓಡಾಡುವುದು. ಎಲ್ಲರೂ ಒಟ್ಟಿಗೆ ಬಾಯಿ ತೆರೆದರೆ ಮುಗಿಯಿತು.

ಹೀಗೆ ಒಂಟಿ ವಾದ್ಯವನ್ನು ಆರ್ಕೆಸ್ಟ್ರಾದ ಮುಂದೆ ಕೂರಿಸಿ ಬರೆದ ಕೃತಿಗೆ ಕಾನ್ಚರ್ಟೊ ಎನ್ನುತ್ತಾರೆ. ಬೀಥೋವನ್ ಒಂಟಿ ಚೆಲ್ಲೊಗೆ ಕಾನ್ಚರ್ಟೊ ಬರೆಯಲೇ ಇಲ್ಲ. ಬ್ರಾಮ್ಸ್ 1887ರಲ್ಲಿ ಬರೆದದ್ದು ಪಿಟೀಲು, ಚೆಲ್ಲೊ ಎರಡನ್ನೂ ಜೋಡಿಸಿದ ಕಾನ್ಚರ್ಟೊ. ದ್ವೋರ್ಜಾಕ್‌ನಂಥವನಿಗೇ ಈ ವಾದ್ಯದ ಮೇಲೆ ಬಹಳ ಕಾಲ ನಂಬಿಕೆಯಿರಲಿಲ್ಲ; ಮೇಲೆ ಹೋದರೆ ಮೂಗಿನಲ್ಲಿ ಹಾಡುತ್ತದೆ, ಕೆಳಗೆ ಬಂದರೆ ಗೊಣಗುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತಂತೆ. ನ್ಯೂಯಾರ್ಕಿನಲ್ಲಿ ಪಾಠ ಹೇಳುತ್ತಿದ್ದಾಗ, 1894ರಲ್ಲಿ, ಅಲ್ಲಿನ ಸಹೋದ್ಯೋಗಿ ವಿಕ್ಟರ್ ಹರ್ಬರ್ಟ್ ಬರೆದ ಚೆಲ್ಲೊ ಕಾನ್ಚರ್ಟೊ ಕೇಳಿ ಮನಸ್ಸು ಬದಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಕೂತು ಬರೆಯತೊಡಗಿದ. ಆ ಬಿ ಮೈನರ್ ಕಾನ್ಚರ್ಟೊ ಇವತ್ತು ಚೆಲ್ಲೊ ಬಾರಿಸುವವರ ಪಾಲಿಗೆ ಬೆಟ್ಟದ ತುದಿ. ಅದರ ಮಾತು ಇನ್ನೊಮ್ಮೆ ಬರುತ್ತದೆ, ಇರಲಿ.

ನಾನು ಹೇಳಹೊರಟದ್ದು ದೊಡ್ಡಪ್ಪನ ಪ್ಲೇಟಿನ ವಿಷಯ. ಅವರು ರೆಕಾರ್ಡಿಗೆ ಕೊನೆಯವರೆಗೂ ಪ್ಲೇಟು ಎಂದೇ ಅನ್ನುತ್ತಿದ್ದರು. ಲಂಡನ್ನಿಗೆ ಹೋಗಿ ಬಂದ ಸ್ನೇಹಿತರೊಬ್ಬರು ತಂದುಕೊಟ್ಟದ್ದು. ಒಂದು ಮಗ್ಗುಲಲ್ಲಿ ಶೂಮಾನ್‌ನ ಎ ಮೈನರ್ ಚೆಲ್ಲೊ ಕಾನ್ಚರ್ಟೊ, ಇನ್ನೊಂದು ಮಗ್ಗುಲಲ್ಲಿ ಸ್ಯಾಂ-ಸಾಂಸ್‌ನ ಮೊದಲ ಚೆಲ್ಲೊ ಕಾನ್ಚರ್ಟೊ, ಅದೂ ಎ ಮೈನರ್. ಚೆಲ್ಲೊ ಬಾರಿಸಿದವಳು ಜಾಕ್ವೆಲಿನ್ ಡು ಪ್ರೆ, ಆರ್ಕೆಸ್ಟ್ರಾ ನಡೆಸಿದವನು ಅವಳ ಗಂಡ ಡೇನಿಯಲ್ ಬಾರೆನ್‌ಬಾಯಿಮ್, ಆರ್ಕೆಸ್ಟ್ರಾ ನ್ಯೂ ಫಿಲ್ಹಾರ್ಮೋನಿಯಾ. ಧ್ವನಿಮುದ್ರಣವಾದದ್ದು 1968ರಲ್ಲಿ. ಆಗ ಅವಳಿಗೆ ಇಪ್ಪತ್ತಮೂರು, ಮದುವೆಯಾಗಿ ವರ್ಷದ ಮಾತು. ಡು ಪ್ರೆ ಎಂದೊಡನೆ ಜನ ಹೇಳುವುದು 1965ರಲ್ಲಿ ಬಾರ್ಬಿರೋಲಿ ನಡೆಸಿದ ಆರ್ಕೆಸ್ಟ್ರಾ ಜೊತೆ ಅವಳು ಮಾಡಿದ ಎಲ್ಗರ್ ಕಾನ್ಚರ್ಟೊವನ್ನು. ಅದು ದೊಡ್ಡದೇ, ಎರಡು ಮಾತಿಲ್ಲ. ಆದರೆ ನನಗೆ ಈ ಪ್ಲೇಟಿನ ಮೇಲೆ ಹೆಚ್ಚು ಆಸೆ. ಎಲ್ಗರ್‌ನಲ್ಲಿ ಅವಳ ದುಃಖ ಎದೆಗೆ ಗುದ್ದುತ್ತದೆ. ಶೂಮಾನ್‌ನಲ್ಲಿ ಅವಳು ಪಕ್ಕಕ್ಕೆ ಬಂದು ಕೂರುತ್ತಾಳೆ.

ಎರಡು ಕಾನ್ಚರ್ಟೊ ಒಂದು ಪ್ಲೇಟಿನಲ್ಲಿ ಜೊತೆಯಾಗುವುದಕ್ಕೆ ಜಾತಕ ಕೂಡಿಬರಬೇಕು. ಎಪ್ಪತ್ತೆಂಟು ಸುತ್ತಿನ ಕಾಲದಲ್ಲಿ ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷ. ಪಾಬ್ಲೊ ಕಸಾಲ್ಸ್ 1937ರಲ್ಲಿ ಪ್ರಾಗ್‌ನಲ್ಲಿ ಬಾರಿಸಿದ ದ್ವೋರ್ಜಾಕ್ ಕೇಳಬೇಕಾದರೆ ಅಂದಿನವರು ಮತ್ತೆ ಮತ್ತೆ ಎದ್ದು ಹೋಗಿ ಪ್ಲೇಟು ತಿರುವಿ ಹಾಕಬೇಕಿತ್ತು. ಎಲ್‌ಪಿ ಬಂದ ಮೇಲೆ ಮಗ್ಗುಲಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ. ದ್ವೋರ್ಜಾಕ್‌ಗೆ ನಲವತ್ತು ನಿಮಿಷ ಬೇಕು, ಅವನೊಬ್ಬನೇ ಪ್ಲೇಟೆಲ್ಲ ಆಕ್ರಮಿಸುತ್ತಾನೆ. ಶೂಮಾನ್‌ಗೆ ಇಪ್ಪತ್ತೈದರ ಆಸುಪಾಸು, ಸ್ಯಾಂ-ಸಾಂಸ್‌ಗೆ ಇಪ್ಪತ್ತು. ಹೇಳಿ ಮಾಡಿಸಿದ ಜೋಡಿ. ಅಳತೆ ಕೂಡಿಬಂದದ್ದು ಮಾತ್ರವಲ್ಲ, ಸ್ವಭಾವದಲ್ಲೂ ಒಂದು ನಂಟಿದೆ. ಎರಡರಲ್ಲೂ ಭಾಗ ಭಾಗದ ನಡುವೆ ನಿಲುಗಡೆಯಿಲ್ಲ. ಮೂರು ಭಾಗವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತವೆ. ಮಧ್ಯೆ ಮಧ್ಯೆ ಚಪ್ಪಾಳೆ ತಟ್ಟುವುದು ಶೂಮಾನ್‌ಗೆ ಹಿಡಿಸುತ್ತಿರಲಿಲ್ಲ. ಕಥೆ ಹೇಳುವವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕೇಳುವವರು ಎದ್ದು ಗದ್ದಲ ಮಾಡಿದರೆ ಹೇಗಾದೀತು?

ಆ ಶೂಮಾನ್ 1850ರ ಸೆಪ್ಟೆಂಬರಿನಲ್ಲಿ ಹೆಂಡತಿ ಕ್ಲಾರಾ, ಮಕ್ಕಳ ಜೊತೆ ಡ್ರೆಸ್ಡೆನ್ ಬಿಟ್ಟು ರೈನ್ ನದಿ ದಂಡೆಯ ಡ್ಯೂಸೆಲ್‌ಡಾರ್ಫ್ ಊರಿಗೆ ಬಂದ. ಅಲ್ಲಿನ ನಗರದ ಸಂಗೀತ ನಿರ್ದೇಶಕನ ಕೆಲಸ ಸಿಕ್ಕಿತ್ತು. ಹೊಸ ಊರಿನ ಉತ್ಸಾಹದಲ್ಲಿ, ಅಕ್ಟೋಬರಿನ ಎರಡು ವಾರದಲ್ಲಿ, ಇಡೀ ಕಾನ್ಚರ್ಟೊ ಬರೆದು ಮುಗಿಸಿದ. ಚಿಕ್ಕಂದಿನಲ್ಲಿ ಒಂದಿಷ್ಟು ಚೆಲ್ಲೊ ಕಲಿತಿದ್ದವನು ಅವನು. ಪಿಯಾನೊ ಬಾರಿಸುವ ಬಲಗೈ ಬೆರಳು ಕೆಟ್ಟು ವಾದಕನಾಗುವ ಕನಸು ಕೈಬಿಟ್ಟ ಮೇಲೂ ಈ ವಾದ್ಯದ ಮೇಲಿನ ಪ್ರೀತಿ ಹೋಗಿರಲಿಲ್ಲ. ಫ್ರಾಂಕ್‌ಫರ್ಟಿನ ಬೋಕ್‌ಮ್ಯೂಲ್ ಎಂಬ ಚೆಲ್ಲೊ ವಾದಕ ಪ್ರತಿಯನ್ನು ನೋಡಿ ಇದು ತಿದ್ದು, ಅದು ತಿದ್ದು ಎಂದು ಸಲಹೆ ಬರೆದ. ಶೂಮಾನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಬೋಕ್‌ಮ್ಯೂಲ್ ಕೊನೆಗೂ ಅದನ್ನು ಬಾರಿಸಲಿಲ್ಲ.

ಮೂರು ವರ್ಷ ಕಳೆಯಿತು. 1854ರ ಫೆಬ್ರುವರಿಯಲ್ಲಿ ಶೂಮಾನ್‌ನ ಕಿವಿಯಲ್ಲಿ ಒಂದೇ ಸ್ವರ ಹಗಲೂ ರಾತ್ರಿ ಮೊರೆಯತೊಡಗಿತು. ಆ ದಿನಗಳಲ್ಲೇ ಅವನು ಈ ಕಾನ್ಚರ್ಟೊದ ಅಚ್ಚಿನ ಕರಡು ತಿದ್ದುತ್ತಿದ್ದ. 27ನೇ ತಾರೀಖು ಮನೆಯಿಂದ ಹೊರಟು ಹೋಗಿ ರೈನ್ ನದಿಗೆ ಹಾರಿದ. ಮೀನುಗಾರರು ಎತ್ತಿ ತಂದರು. ಆಮೇಲೆ ಬಾನ್ ಹತ್ತಿರದ ಎಂಡೆನಿಶ್ ಆಸ್ಪತ್ರೆ. 1856ರ ಜುಲೈನಲ್ಲಿ ಅಲ್ಲೇ ತೀರಿಕೊಂಡ. ಕಾನ್ಚರ್ಟೊ ಆರ್ಕೆಸ್ಟ್ರಾ ಜೊತೆ ಕಛೇರಿಯಲ್ಲಿ ಕೇಳಿಬಂದದ್ದು 1860ರಲ್ಲಿ, ಓಲ್ಡೆನ್‌ಬರ್ಗ್ ಎಂಬ ಊರಿನಲ್ಲಿ. ಬರೆದವನ ಕಿವಿಗೆ ಅದು ಬೀಳಲೇ ಇಲ್ಲ. ನನಗೆ ಈ ಒಂದು ಸಂಗತಿ ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ.

ಶೂಮಾನ್‌ಗೆ ಆರ್ಕೆಸ್ಟ್ರಾ ಕೈಗೆ ಒಗ್ಗಿರಲಿಲ್ಲ, ಇದರ ಹಿಮ್ಮೇಳ ತೆಳು ಎಂದು ದೂರುವವರು ಬಹಳ ಜನ. 1963ರಲ್ಲಿ ಶೋಸ್ತಕೋವಿಚ್ ರಷ್ಯಾದ ಚೆಲ್ಲೊ ವಾದಕ ರೊಸ್ತ್ರೊಪೊವಿಚ್‌ಗೋಸ್ಕರ ಹಿಮ್ಮೇಳವನ್ನು ಮತ್ತೆ ಹೊಸದಾಗಿ ಬರೆದುಕೊಟ್ಟದ್ದೂ ಉಂಟು. ಶೋಸ್ತಕೋವಿಚ್ ಮೇಲೆ ನನಗೆ ಭಕ್ತಿಯಿದೆ. ಆದರೂ ಹೇಳುತ್ತೇನೆ, ಆ ತೆಳುವೇ ಸರಿ. ಶೂಮಾನ್‌ನ ಹಿಮ್ಮೇಳದಲ್ಲಿ ಟ್ರಾಂಬೋನ್ ಇಲ್ಲ. ಊದುವ ವಾದ್ಯಗಳು ಜೋಡಿ ಜೋಡಿ ಮಾತ್ರ. ಚೆಲ್ಲೊ ಮಾತಾಡುವಾಗ ಉಳಿದವರು ಹೂಂಗುಟ್ಟುತ್ತಾರೆ, ಅದು ಉಸಿರೆಳೆದುಕೊಳ್ಳುವಾಗ ಒಂದು ಮಾತು ಸೇರಿಸುತ್ತಾರೆ, ಮತ್ತೆ ಸುಮ್ಮನಾಗುತ್ತಾರೆ. ದೊಡ್ಡಮ್ಮ ಸೌಟು ಹಿಡಿದುಕೊಂಡ ಹಾಗೆ.

ಅಮ್ಮನಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಅವಳು ಹತ್ತು ವರ್ಷ ಪಾಠ ಹೇಳಿಸಿಕೊಂಡವಳು, ಕಿವಿ ಚುರುಕು. “ಶ್ರುತಿ ಎಲ್ಲೋ? ಷಡ್ಜ ಇಲ್ಲಿದೆ ಅಂತ ಹಿಡಿದುಕೊಳ್ಳೋಷ್ಟರಲ್ಲಿ ಎದ್ದು ಬೇರೆ ಮನೆಗೆ ಹೋಗಿರುತ್ತೆ” ಅಂದಳು. ಅವಳು ಹೇಳಿದ್ದು ಸರಿ. ಎ ಮೈನರ್ ಅಂದರೆ ಒಂದು ಬಗೆಯಲ್ಲಿ ನಮ್ಮ ಕೀರವಾಣಿಯ ಸ್ವರಗಳೇ. ಆದರೆ ನಮ್ಮಲ್ಲಿ ತಂಬೂರಿ ಮನೆಯ ದೀಪದ ಹಾಗೆ, ಎಲ್ಲಿ ಹೋದರೂ ಅದರ ಬೆಳಕಿನಲ್ಲೇ ಓಡಾಟ. ಅವರಲ್ಲಿ ದೀಪ ಕೈಯಲ್ಲಿ ಹಿಡಿದು ಕೋಣೆಯಿಂದ ಕೋಣೆಗೆ ಹೋಗುತ್ತಾರೆ. ದೂರ ಹೋದಷ್ಟೂ ಮನೆಯ ನೆನಪು ಹೆಚ್ಚು. “ಸ್ವಲ್ಪ ತಾಳಮ್ಮ, ವಾಪಸು ಬರುತ್ತೆ” ಅಂದೆ. ಅವಳು ಇನ್ನೊಂದು ಹಿಡಿ ಕಾಳು ಎಳೆದುಕೊಂಡಳು.

ಎರಡನೆಯ ಭಾಗ ಬಂತು. ಇದು ಬಂದದ್ದೂ ತಿಳಿಯುವುದಿಲ್ಲ, ಮೊದಲನೆಯದರ ಬಾಲ ಹಿಡಿದುಕೊಂಡೇ ಒಳಗೆ ಬರುತ್ತದೆ. ಬರೇ ನಾಲ್ಕು ನಿಮಿಷ. ತಂತಿಗಳನ್ನು ಮೆಲ್ಲಗೆ ಮೀಟುವ ಸದ್ದಿನ ಮೇಲೆ ಚೆಲ್ಲೊ ಹಾಡತೊಡಗಿತು. ಸ್ವಲ್ಪ ಹೊತ್ತಿಗೆ ಅಮ್ಮನ ಬೆರಳು ನಿಂತವು.

“ಇಬ್ಬರಿದ್ದಾರೆ ಕಣೋ.”

ನಾನು ಬೆಚ್ಚಿಬಿದ್ದೆ. ಎಷ್ಟೋ ವರ್ಷ ಕೇಳಿದ ಮೇಲೆ, ಅದೂ ಪುಸ್ತಕ ಓದಿ, ನಾನು ಕಂಡುಕೊಂಡದ್ದು ಇವಳಿಗೆ ಮೊದಲ ಸಲಕ್ಕೇ ದಕ್ಕಿತ್ತು. ಆ ಜಾಗದಲ್ಲಿ ಆರ್ಕೆಸ್ಟ್ರಾದ ಚೆಲ್ಲೊ ಸಾಲಿನಲ್ಲಿ ಮೊದಲು ಕೂತವನು ತನ್ನ ಸಾಲಿನಿಂದ ಬಿಡಿಸಿಕೊಂಡು ಒಂಟಿ ಚೆಲ್ಲೊದ ಜೊತೆ ಹಾಡುತ್ತಾನೆ. ಒಂದೇ ಜಾತಿಯ ದನಿ, ಒಂದು ಮುಂದೆ, ಒಂದು ಒಂದು ಹೆಜ್ಜೆ ಹಿಂದೆ. ರಾಬರ್ಟ್, ಕ್ಲಾರಾ ಮಾತಾಡಿಕೊಳ್ಳುತ್ತಿದ್ದಾರೆ ಎಂದು ಕೇಳುಗರು ಹೇಳುತ್ತಾ ಬಂದಿದ್ದಾರೆ. ಅಷ್ಟೇ ಅಲ್ಲ, ಒಂಟಿ ಚೆಲ್ಲೊ ತಾನೇ ಎರಡು ತಂತಿಯನ್ನು ಒಂದೇ ಕಮಾನಿನಲ್ಲಿ ನುಡಿಸುವ ಜಾಗವೂ ಅಲ್ಲಿದೆ. ಆಗ ಒಬ್ಬಳೇ ಇಬ್ಬರಾಗುತ್ತಾಳೆ. ಡು ಪ್ರೆ ಸ್ವರದಿಂದ ಸ್ವರಕ್ಕೆ ಹೋಗುವಾಗ ಬೆರಳನ್ನು ಎತ್ತಿಡದೆ ಎಳೆದುಕೊಂಡು ಹೋಗುತ್ತಾಳೆ. ಅಮ್ಮ ಅದಕ್ಕೂ ತಲೆದೂಗಿದಳು: “ಜಾರು ಚೆನ್ನಾಗಿ ಹಿಡಿದಿದ್ದಾಳೆ ಹುಡುಗಿ.” ಹುಡುಗಿ ಎಂದು ಅವಳಿಗೆ ನಾನು ಹೇಳಿರಲಿಲ್ಲ. ರೆಕಾರ್ಡಿನ ಹೊದಿಕೆಯನ್ನೂ ಅವಳು ನೋಡಿರಲಿಲ್ಲ.

ಅಂದ ಹಾಗೆ ವಾದ್ಯ ಹಿಡಿಯುವ ಮಾತು. ಇವತ್ತು ಚೆಲ್ಲೊದ ಅಡಿಯಲ್ಲಿ ಒಂದು ಕಬ್ಬಿಣದ ಮೊಳೆ ನೆಲಕ್ಕೆ ಊರಿರುತ್ತದೆ. ಶೂಮಾನ್ ಕಾಲಕ್ಕೆ ಬಹಳ ಮಂದಿ ಚೆಲ್ಲೊವನ್ನು ಕಾಲಿನ ಮೀನಖಂಡಗಳ ನಡುವೆ ಇರುಕಿಕೊಂಡೇ ಬಾರಿಸುತ್ತಿದ್ದರು. ಮೊಳೆ ಊರುವ ಪದ್ಧತಿಯನ್ನು ಹರಡಿದವನು ಬೆಲ್ಜಿಯಮ್ಮಿನ ಸೆರ್ವೆ ಎಂದು ಹೇಳುವುದು ವಾಡಿಕೆ. ಮೊಳೆ ಬಂದ ಮೇಲೆ ಕಾಲಿಗೆ ಬಿಡುಗಡೆ, ವಾದ್ಯದ ಮೈ ಬಿಡಿಯಾಗಿ ಕಂಪಿಸುತ್ತದೆ, ಸದ್ದು ನೆಲಕ್ಕೂ ಇಳಿಯುತ್ತದೆ, ಎಡಗೈ ತಂತಿಯ ಮೇಲೆ ಕೆಳಗಿನ ತುದಿಯವರೆಗೂ ಹೋಗಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಚೆಲ್ಲೊ ಕಾನ್ಚರ್ಟೊಗಳು ಅಷ್ಟು ಧೈರ್ಯದಿಂದ ತಾರಸ್ಥಾಯಿಗೆ ಏರಿದ್ದರಲ್ಲಿ ಈ ಒಂದು ಗೇಣು ಕಬ್ಬಿಣದ ಪಾಲೂ ಇದೆ. ದೊಡ್ಡಪ್ಪ ಊರುಗೋಲು ಹಿಡಿದ ಮೇಲೆಯೇ ಚಾಮುಂಡಿಬೆಟ್ಟದ ಬುಡದವರೆಗೆ ನಡೆದು ಬರುತ್ತಿದ್ದದ್ದು ನೆನಪಾಗುತ್ತದೆ.

ಬೆಟ್ಟದ ಹೆಸರು ಬಂದದ್ದು ಒಳ್ಳೆಯದಾಯಿತು. ಈ ಪ್ಲೇಟಿನಲ್ಲಿ ಮೈಸೂರಿನ ಒಂದು ಎಳೆಯೂ ಇದೆ. ನ್ಯೂ ಫಿಲ್ಹಾರ್ಮೋನಿಯಾದ ಮೊದಲ ಹೆಸರು ಬರೀ ಫಿಲ್ಹಾರ್ಮೋನಿಯಾ. 1945ರಲ್ಲಿ ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಕಟ್ಟಿದ ಆರ್ಕೆಸ್ಟ್ರಾ. ಯುದ್ಧ ಮುಗಿದ ಹೊಸತು, ಕಾಸಿಗೆ ತಾಪತ್ರಯ. ಆಗ ಕೈಹಿಡಿದವರು ನಮ್ಮ ಜಯಚಾಮರಾಜ ಒಡೆಯರು. ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. ಪಿಯಾನೊ ವಾದಕರಾಗಬೇಕೆಂಬ ಹಂಬಲವಿದ್ದ ಅರಸರು. 1940ರಲ್ಲಿ ಪಟ್ಟ ಬಂತು, ಹಂಬಲ ಹಿಂದೆ ಸರಿಯಿತು, ಪ್ರೀತಿ ಉಳಿಯಿತು. ರಷ್ಯಾದ ಮೆಟ್ನರ್ ಲಂಡನ್ನಿನಲ್ಲಿ ವಯಸ್ಸಾಗಿ, ಯಾರೂ ಗಮನಿಸದೆ ಬದುಕುತ್ತಿದ್ದಾಗ ಅವನ ಸಂಗೀತ ಧ್ವನಿಮುದ್ರಣವಾಗಲೆಂದು ಹಣ ಕೊಟ್ಟರು. ಅವನು ತನ್ನ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಆಲ್ಬರ್ಟ್ ಹಾಲಿನಲ್ಲಿ ಕೇಳಿಬಂದವಲ್ಲ, ಆ ಕಛೇರಿಯ ಖರ್ಚಿಗೆ ಹೊಣೆ ನಿಂತವರೂ ಒಡೆಯರೇ. ಬಾರಿಸಿದ್ದು ಇದೇ ಫಿಲ್ಹಾರ್ಮೋನಿಯಾ. 1964ರಲ್ಲಿ ಲೆಗ್ ಆರ್ಕೆಸ್ಟ್ರಾ ಮುಚ್ಚುತ್ತೇನೆಂದಾಗ ವಾದಕರೆಲ್ಲ ಒಟ್ಟಾಗಿ ತಾವೇ ನಡೆಸಿಕೊಳ್ಳತೊಡಗಿದರು. ಹಳೆಯ ಹೆಸರು ಬಳಸುವ ಹಾಗಿರಲಿಲ್ಲವಾದ್ದರಿಂದ ‘ನ್ಯೂ’ ಸೇರಿಸಿಕೊಂಡರು. 1977ರಲ್ಲಿ ಹಳೆಯ ಹೆಸರು ಮರಳಿತು. ದೊಡ್ಡಪ್ಪನಿಗೆ ಇದೆಲ್ಲ ಗೊತ್ತಿತ್ತು. ಪ್ಲೇಟು ಹಾಕುವಾಗ ಆರ್ಕೆಸ್ಟ್ರಾದ ಹೆಸರಿನ ಮೇಲೆ ಬೆರಳಿಟ್ಟು, “ನಮ್ಮ ದೊರೆಗಳು ಹಾಲೆರೆದ ಗಿಡ” ಎನ್ನುತ್ತಿದ್ದರು.

ಮಗ್ಗುಲು ತಿರುವಿದೆ. ಸ್ಯಾಂ-ಸಾಂಸ್ ಬಾಗಿಲು ತಟ್ಟುವವನಲ್ಲ. ಆರ್ಕೆಸ್ಟ್ರಾ ಒಮ್ಮೆ ಛಟ್ ಎನ್ನುತ್ತದೆ, ಚೆಲ್ಲೊ ಒಳಕ್ಕೆ ನುಗ್ಗುತ್ತದೆ. ತಿಸ್ರ ಗತಿಯಲ್ಲಿ ಮೂರು ಮೂರು ಸ್ವರ ಸುತ್ತಿ ಸುತ್ತಿ ಕೆಳಗಿಳಿಯುವ ಓಟ. ಅಮ್ಮ ಬೋಗುಣಿಯನ್ನು ಹತ್ತಿರಕ್ಕೆಳೆದುಕೊಂಡಳು, “ಇವನಿಗೇನು ಇಷ್ಟು ಅವಸರ?” ಇದನ್ನು ಬರೆದದ್ದು 1872ರಲ್ಲಿ. ಅದಕ್ಕೆ ಮುಂಚೆಯಷ್ಟೇ ಫ್ರಾನ್ಸ್ ಜರ್ಮನರ ಕೈಯಲ್ಲಿ ಸೋತಿತ್ತು. ಫ್ರೆಂಚರ ಸಂಗೀತ ಕೇಳಿಸಬೇಕೆಂದು 1871ರಲ್ಲಿ ಒಂದು ಸಂಘ ಹುಟ್ಟಿತ್ತು. ಕಟ್ಟಿದವರಲ್ಲಿ ಸ್ಯಾಂ-ಸಾಂಸ್ ಒಬ್ಬ. 1873ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ತೊಲ್ಬೆಕ್ ಎಂಬಾತ ಇದನ್ನು ಮೊದಲು ಬಾರಿಸಿದ. ವಿಚಿತ್ರ ನೋಡಿ, ಜರ್ಮನಿಯ ಶೂಮಾನ್ ಇಪ್ಪತ್ತೆರಡು ವರ್ಷ ಮುಂಚೆ ಹಾಕಿದ ದಾರಿಯಲ್ಲೇ, ಅದೇ ಎ ಮೈನರಿನಲ್ಲೇ, ಅದೇ ನಿಲ್ಲದ ನಡೆಯಲ್ಲೇ ಈ ಫ್ರೆಂಚ್ ಹುರುಪು ನಡೆದಿದೆ.

ಸ್ಯಾಂ-ಸಾಂಸ್‌ನಲ್ಲಿ ನನ್ನ ಜೀವ ಇರುವುದು ನಡುವಿನ ಮಿನುಯೆಟ್ಟಿನಲ್ಲಿ. ಪಿಟೀಲುಗಳೆಲ್ಲ ಕುದುರೆಯ ಮೇಲೆ ಮ್ಯೂಟ್ ಸಿಕ್ಕಿಸಿಕೊಂಡು, ದನಿ ಅಡಗಿಸಿ, ಹಳೆಯ ಕಾಲದ ಮೂರು ಹೆಜ್ಜೆಯ ಕುಣಿತವೊಂದನ್ನು ತುದಿಗಾಲಿನಲ್ಲಿ ಕುಣಿಯುತ್ತವೆ. ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೋ ಎಂಬ ಹಾಗೆ. ಆ ಕುಣಿತದ ಮೇಲೆ ಚೆಲ್ಲೊ ಬೇರೆಯದೇ ಒಂದು ಹಾಡು ಹೇಳುತ್ತದೆ. ಈ ವಾದ್ಯಕ್ಕೆ ಜಾಗ ಮಾಡುವುದು ಹೇಗೆಂದು ಕಲಿಯಬೇಕಾದವರು ಈ ಮೂರು ನಾಲ್ಕು ನಿಮಿಷ ಕೇಳಿದರೆ ಸಾಕು. ಓಟದ ಭಾಗಗಳಲ್ಲಿ ಡು ಪ್ರೆ ಕೆಲವು ಕಡೆ ಬೇಕಾದ್ದಕ್ಕಿಂತ ಹೆಚ್ಚು ಮೈಮೇಲೆ ಬೀಳುತ್ತಾಳೆ ಎಂದು ನನ್ನ ಎಣಿಕೆ. ಇಲ್ಲಿ ಮಾತ್ರ ಅವಳಿಗೆ ಸಾಟಿಯಿಲ್ಲ.

1968 ಎಂದೆನಲ್ಲ, ಆ ವರ್ಷ ಚೆಲ್ಲೊ ಪಾಲಿಗೆ ಸಾಮಾನ್ಯ ವರ್ಷವಲ್ಲ. ಆಗಸ್ಟ್ 21, ಸೋವಿಯತ್ ಟ್ಯಾಂಕುಗಳು ಪ್ರಾಗ್ ಹೊಕ್ಕ ದಿನ. ಅದೇ ಸಂಜೆ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸೋವಿಯತ್ ಆರ್ಕೆಸ್ಟ್ರಾ ಜೊತೆ ರೊಸ್ತ್ರೊಪೊವಿಚ್ ಬಾರಿಸಬೇಕಾಗಿದ್ದದ್ದು ಜೆಕ್ ಮಣ್ಣಿನ ದ್ವೋರ್ಜಾಕ್. ಹೊರಗೂ ಒಳಗೂ ಜನರ ಕೂಗು. ಅವನು ಕಣ್ಣೀರು ಸುರಿಸುತ್ತಾ ಬಾರಿಸಿದ, ಮುಗಿದ ಮೇಲೆ ದ್ವೋರ್ಜಾಕ್‌ನ ಸ್ವರಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಮುಂದಿನ ತಿಂಗಳೇ ಬರ್ಲಿನ್ನಿನಲ್ಲಿ ಕಾರಾಯಾನ್ ನಡೆಸಿದ ಆರ್ಕೆಸ್ಟ್ರಾ ಜೊತೆ ಅದನ್ನೇ ಧ್ವನಿಮುದ್ರಿಸಿದ. ಡು ಪ್ರೆ ಕೂಡ ಕೆಲವೇ ದಿನದಲ್ಲಿ ಜೆಕ್ ಜನರ ಪರವಾಗಿ ಅದೇ ಹಾಲಿನಲ್ಲಿ ಅದೇ ದ್ವೋರ್ಜಾಕ್ ಬಾರಿಸಿದಳು. ನಡುವೆ ತಂತಿ ಕಡಿಯಿತು. ಎದ್ದು ಒಳಗೆ ಹೋಗಿ, ಹೊಸ ತಂತಿ ಹಾಕಿಕೊಂಡು ಬಂದು, ಮುಂದುವರಿಸಿದಳು.

1973ರಲ್ಲಿ ಅವಳಿಗೆ ಬಂದದ್ದು ನರಗಳ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಗೊತ್ತಾಯಿತು. ಬೆರಳಿಗೆ ತಂತಿಯ ಸ್ಪರ್ಶವೇ ತಿಳಿಯದಂತಾಯಿತು. ಇಪ್ಪತ್ತೆಂಟಕ್ಕೆ ಕಛೇರಿ ನಿಂತಿತು, 1987ರ ಅಕ್ಟೋಬರಿನಲ್ಲಿ, ನಲವತ್ತೆರಡಕ್ಕೆ, ಜೀವ ಹೋಯಿತು. ದೊಡ್ಡಪ್ಪನಿಗೆ ಈ ಸುದ್ದಿ ತಿಳಿದದ್ದು ಪತ್ರಿಕೆಯಿಂದ. ಅವತ್ತು ಅವರು ಪ್ಲೇಟು ಹಾಕಲಿಲ್ಲ. ಹೊದಿಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಜಗಲಿಯಲ್ಲಿ ಕೂತಿದ್ದರು.

ಸ್ಯಾಂ-ಸಾಂಸ್ ಮುಗಿಯಿತು. ಮುಳ್ಳು ಎತ್ತಿದೆ. ಬೋಗುಣಿ ತುಂಬಿತ್ತು, ಸಿಪ್ಪೆ ಮೊರದಲ್ಲಿ ಗುಡ್ಡೆಯಾಗಿತ್ತು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು, ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟಳು, ನಿಂತಳು.

“ಆ ಕಡೆ ಮಗ್ಗುಲಲ್ಲಿ ಇಬ್ಬರು ಬರುತ್ತಾರಲ್ಲ, ಅಷ್ಟು ಇನ್ನೊಂದು ಸಲ ಹಾಕು.”

ಅದೇ ಕಷ್ಟ. ಬೇರೆ ರೆಕಾರ್ಡುಗಳಲ್ಲಿ ಭಾಗ ಮುಗಿದ ಕಡೆ ಗೆರೆಗಳ ನಡುವೆ ಹೊಳೆಯುವ ಒಂದು ಪಟ್ಟಿ ಇರುತ್ತದೆ, ಮುಳ್ಳನ್ನು ನೋಡಿಕೊಂಡು ಇಡಬಹುದು. ದೊಡ್ಡಪ್ಪನ ಈ ಪ್ರತಿಯಲ್ಲಿ ಶೂಮಾನ್‌ನ ಮಗ್ಗುಲಿಗೆ ಅಂಥ ಪಟ್ಟಿಯೇ ಇಲ್ಲ, ಅಂಚಿನಿಂದ ನಡುವಿನವರೆಗೆ ಕಪ್ಪು ಒಂದೇ ಸಮ. ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆ. ಗೆರೆಗಳು ಸ್ವಲ್ಪ ತಿಳಿಯಾಗಿ ಕಂಡ ಜಾಗದಲ್ಲಿ, ಕೈ ನಡುಗದ ಹಾಗೆ, ಮುಳ್ಳು ಬಿಟ್ಟೆ. ತಪ್ಪಿತ್ತು. ಒಂದು ನಿಮಿಷ ಮುಂಚೆ, ಮೊದಲ ಭಾಗದ ಕೊನೆಯ ಗದ್ದಲದಲ್ಲಿ ಇಳಿದಿತ್ತು.

“ಇರಲಿ ಬಿಡು, ತೆಗೀಬೇಡ” ಎಂದಳು ಅಮ್ಮ. ಬೋಗುಣಿಯನ್ನು ಸದ್ದಾಗದ ಹಾಗೆ ನೆಲದ ಮೇಲಿಟ್ಟು, ಬಾಗಿಲಿಗೊರಗಿ ಕೂತಳು.